ಬೆಂಗಳೂರಿನಲ್ಲಿ ನಡೆದ ಫಿಫಾ ವಿಶ್ವಕಪ್ ಅರ್ಹತಾ ಪಂದ್ಯಗಳು

ಫಿಫಾ ವಿಶ್ವಕಪ್ ಕಾಲ್ಚೆಂಡು ಪಂದ್ಯಾವಳಿಯ ಏಷ್ಯಾ ವಲಯದ ಆರಂಭಿಕ ಅರ್ಹತಾ ಸುತ್ತುಗಳಲ್ಲಿ ಭಾರತ ತಂಡವು 2001 ಮತ್ತು 2015ರಲ್ಲಿ ತನ್ನ ತವರು ಪಂದ್ಯಗಳನ್ನು ಕರ್ನಾಟಕದ ರಾಜಧಾನಿ ಬೆಂಗಳೂರಿನಲ್ಲಿ ಆಡಿತು. ಈ ಎರಡು ಸರಣಿಗಳಲ್ಲಿ ಒಟ್ಟು 6 ಪಂದ್ಯಗಳು ಇಲ್ಲಿ ನಡೆದವು. ಭಾರತವು ಅವುಗಳಲ್ಲಿ 3ನ್ನು ಗೆದ್ದು, 1ನ್ನು ಸಮಬಲದಲ್ಲಿ ಮುಗಿಸಿ, 2ರಲ್ಲಿ ಸೋತಿತು. 2002ರ ವಿಶ್ವಕಪ್‌ಗಾಗಿ ನಡೆದ ಮೊದಲ ಸರಣಿಯಲ್ಲಿ ಭಾರತವು ಕೇವಲ 1 ಅಂಕದ ಅಂತರದಿಂದ ಮುಂದಿನ ಸುತ್ತಿನ ಅವಕಾಶವನ್ನು ಕಳೆದುಕೊಂಡಿತು. 2018ರ ವಿಶ್ವಕಪ್‌ಗಾಗಿ ನಡೆದ ಎರಡನೆಯ ಸರಣಿಯಲ್ಲಿ ತನ್ನ ಗುಂಪಿನ ಕೊನೆಯ ಸ್ಥಾನಕ್ಕೆ ಕುಸಿಯಿತಾದರೂ, ಅದರ ಮುಂದುವರಿಕೆಯಾದ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಇದೇ ನಗರದಲ್ಲಿ ಗೆದ್ದು 2019ರ ಏಷ್ಯಾ ಕಪ್‌ಗೆ ಪ್ರವೇಶ ಪಡೆಯಿತು.

ಆರಂಭಿಕ ಸುತ್ತುಗಳ ಸ್ವರೂಪ

ವಿಶ್ವಕಪ್‌ನ ಅಂತಿಮ ಹಂತದಲ್ಲಿ ಸೀಮಿತ ಸಂಖ್ಯೆಯ ರಾಷ್ಟ್ರಗಳು ಮಾತ್ರ ಆಡುತ್ತವೆ. 1998ರಿಂದ 2022ರವರೆಗೆ ಈ ಸಂಖ್ಯೆ 32 ಆಗಿತ್ತು. 2026ರ ಪಂದ್ಯಾವಳಿಗೆ ಅದನ್ನು 48ಕ್ಕೆ ಏರಿಸಲಾಯಿತು. ಫಿಫಾದ ಸದಸ್ಯ ರಾಷ್ಟ್ರಗಳಾದರೋ 200ಕ್ಕೂ ಹೆಚ್ಚು. ಆದುದರಿಂದ ಪ್ರತಿಯೊಂದು ಖಂಡಕ್ಕೂ ಇಂತಿಷ್ಟು ಸ್ಥಾನಗಳೆಂದು ಹಂಚಿ, ಆ ಸ್ಥಾನಗಳಿಗಾಗಿ ಖಂಡದ ಒಳಗೆ ಅರ್ಹತಾ ಪಂದ್ಯಗಳನ್ನು ನಡೆಸಲಾಗುತ್ತದೆ. ಏಷ್ಯಾದಲ್ಲಿ ಈ ಕೆಲಸವನ್ನು ಏಷ್ಯನ್ ಕಾಲ್ಚೆಂಡು ಒಕ್ಕೂಟವು ನಿರ್ವಹಿಸುತ್ತದೆ. 2018ರ ವಿಶ್ವಕಪ್‌ಗೆ ಏಷ್ಯಾದ ಪಾಲಿಗೆ 4 ನೇರ ಸ್ಥಾನಗಳಿದ್ದವು. ಇನ್ನೊಂದು ತಂಡಕ್ಕೆ ಬೇರೆ ಖಂಡದ ತಂಡವೊಂದರೊಡನೆ ಸೆಣಸಿ ಸ್ಥಾನ ಗಳಿಸುವ ಅವಕಾಶವಿತ್ತು.

ಏಷ್ಯಾದ ತಂಡಗಳ ಶಕ್ತಿಯಲ್ಲಿ ಬಹಳ ವ್ಯತ್ಯಾಸವಿದೆ. ಒಂದು ಕಡೆ ಜಪಾನ್, ದಕ್ಷಿಣ ಕೊರಿಯಾ ಮತ್ತು ಇರಾನ್‌ಗಳಂತಹ, ವಿಶ್ವಕಪ್‌ನಲ್ಲಿ ಮತ್ತೆ ಮತ್ತೆ ಆಡಿದ ತಂಡಗಳಿವೆ. ಇನ್ನೊಂದು ಕಡೆ ಭೂತಾನ್ ಮತ್ತು ಮಕಾವ್‌ಗಳಂತಹ ಸಣ್ಣ ತಂಡಗಳಿವೆ. ಎಲ್ಲವನ್ನೂ ಒಟ್ಟಿಗೆ ಆಡಿಸಿದರೆ ಪಂದ್ಯಗಳ ಸಂಖ್ಯೆ ಮಿತಿಮೀರುತ್ತದೆ. ಆದ್ದರಿಂದ ಶ್ರೇಯಾಂಕದಲ್ಲಿ ಹಿಂದಿರುವ ತಂಡಗಳು ಮೊದಲು ತಮ್ಮತಮ್ಮಲ್ಲೇ ಆಡಿ ಗೆದ್ದು ಬರಬೇಕೆಂಬ ನಿಯಮವನ್ನು ರೂಪಿಸಲಾಗಿದೆ. ಈ ಹಂತವನ್ನೇ ಆರಂಭಿಕ ಅಥವಾ ಮೊದಲ ಸುತ್ತು ಎನ್ನುತ್ತಾರೆ.

ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಎರಡು ತಂಡಗಳು ಒಂದು ಪಂದ್ಯವನ್ನು ಒಬ್ಬರ ತವರಿನಲ್ಲಿ, ಮತ್ತೊಂದನ್ನು ಇನ್ನೊಬ್ಬರ ತವರಿನಲ್ಲಿ ಆಡುತ್ತವೆ. ಎರಡೂ ಪಂದ್ಯಗಳ ಗೋಲುಗಳನ್ನು ಕೂಡಿಸಿ ವಿಜೇತರನ್ನು ನಿರ್ಣಯಿಸಲಾಗುತ್ತದೆ. 2015ರಲ್ಲಿ ಜಾರಿಯಲ್ಲಿದ್ದ ನಿಯಮದಂತೆ ಒಟ್ಟು ಗೋಲುಗಳು ಸಮವಾದರೆ ಎದುರಾಳಿಯ ನೆಲದಲ್ಲಿ ಹೆಚ್ಚು ಗೋಲು ಹೊಡೆದ ತಂಡವು ಗೆದ್ದಂತೆ. ಅದೂ ಸಮವಾದರೆ ಹೆಚ್ಚುವರಿ ಅವಧಿ, ಬಳಿಕ ಪೆನಾಲ್ಟಿ ಒದೆತಗಳು.

ಮುಂದಿನ ಸುತ್ತಿನಲ್ಲಿ ತಂಡಗಳನ್ನು ಗುಂಪುಗಳಾಗಿ ವಿಂಗಡಿಸಲಾಗುತ್ತದೆ. ಗುಂಪಿನ ಪ್ರತಿಯೊಂದು ತಂಡವೂ ಉಳಿದ ಪ್ರತಿಯೊಂದು ತಂಡದೊಡನೆ ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಆಡುತ್ತದೆ. ಗೆಲುವಿಗೆ 3 ಅಂಕ, ಸಮಬಲಕ್ಕೆ 1 ಅಂಕ, ಸೋಲಿಗೆ ಅಂಕವಿಲ್ಲ. ಅಂಕಗಳು ಸಮವಾದಾಗ ಹೊಡೆದ ಗೋಲುಗಳಿಗೂ ಬಿಟ್ಟುಕೊಟ್ಟ ಗೋಲುಗಳಿಗೂ ಇರುವ ಅಂತರವನ್ನು, ಅದೂ ಸಮವಾದಾಗ ಹೊಡೆದ ಗೋಲುಗಳ ಸಂಖ್ಯೆಯನ್ನು ನೋಡಲಾಗುತ್ತದೆ.

ಅರ್ಹತಾ ಸುತ್ತುಗಳಲ್ಲಿ ಭಾರತ

1950ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಶ್ವಕಪ್‌ಗೆ ಭಾರತವು ಒಂದು ಅರ್ಹತಾ ಪಂದ್ಯವನ್ನೂ ಆಡದೆ ಆಯ್ಕೆಯಾಗಿತ್ತು. ಅದರ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯಾ ಮತ್ತು ಫಿಲಿಪೀನ್ಸ್ ತಂಡಗಳು ಹಿಂದೆ ಸರಿದದ್ದೇ ಇದಕ್ಕೆ ಕಾರಣ. ಆದರೆ ಭಾರತ ತಂಡವು ಬ್ರೆಜಿಲ್‌ಗೆ ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಅನುಮತಿ ಸಿಗದುದೇ ಇದರ ಕಾರಣವೆಂಬ ಮಾತು ಜನಜನಿತವಾಗಿದೆ. ಆದರೆ ಅಂದಿನ ಆಡಳಿತಗಾರರು ಒಲಿಂಪಿಕ್ಸ್‌ಗೆ ಹೆಚ್ಚು ಮಹತ್ವ ನೀಡಿ ವಿಶ್ವಕಪ್ಪನ್ನು ಗಂಭೀರವಾಗಿ ಪರಿಗಣಿಸಲಿಲ್ಲವೆಂಬುದನ್ನು ಅಂದಿನ ಆಟಗಾರ ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದ್ದರು.

ಆ ಬಳಿಕ ಭಾರತವು ಅರ್ಹತಾ ಪಂದ್ಯಗಳನ್ನು ನಿಜವಾಗಿ ಆಡಿದ್ದು 1985ರಲ್ಲಿ, 1986ರ ವಿಶ್ವಕಪ್‌ಗಾಗಿ. ಅಂದಿನಿಂದ 2026ರ ಸರಣಿಯವರೆಗೆ ಭಾರತದ ಪ್ರಯತ್ನಗಳೆಲ್ಲವೂ ಆರಂಭಿಕ ಸುತ್ತುಗಳಲ್ಲಿಯೇ ಕೊನೆಗೊಂಡಿವೆ. ಆದುದರಿಂದ ಭಾರತದ ಪ್ರೇಕ್ಷಕರ ಪಾಲಿಗೆ ವಿಶ್ವಕಪ್ ಎಂದರೆ ತಮ್ಮ ತಂಡವನ್ನು ತಮ್ಮ ನೆಲದಲ್ಲಿ ನೋಡಲು ಸಿಗುವ ಈ ಆರಂಭಿಕ ಪಂದ್ಯಗಳೇ ಆಗಿವೆ.

ನಗರ ಮತ್ತು ಕ್ರೀಡಾಂಗಣ

ಬೆಂಗಳೂರಿನಲ್ಲಿ ಕಾಲ್ಚೆಂಡಾಟವು ಬ್ರಿಟಿಷರ ದಂಡು ಪ್ರದೇಶದಿಂದ ಸುತ್ತಲಿನ ಬಡಾವಣೆಗಳಿಗೆ ಹರಡಿತು. ಆಸ್ಟಿನ್ ಟೌನ್, ಗೌತಮಪುರ ಮತ್ತು ಮರ್ಫಿ ಟೌನ್‌ಗಳು ಇಂದಿಗೂ ಈ ಆಟಕ್ಕೆ ಹೆಸರಾಗಿವೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದು, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಕಾಲ್ಚೆಂಡು ಗೋಲನ್ನು ದಾಖಲಿಸಿದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದಲ್ಲಿದ್ದ ಅಹಮದ್ ಖಾನ್ ಕೂಡ ಇದೇ ಊರಿನವರು. ರಾಷ್ಟ್ರೀಯ ಚಾಂಪಿಯನ್‌ಷಿಪ್ ಆದ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡವು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತ್ತು. ಕರ್ನಾಟಕ ಎಂಬ ಹೆಸರಿನಲ್ಲಿ ಈ ಪ್ರಶಸ್ತಿ ಮೊದಲ ಬಾರಿಗೆ ಬಂದದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2 ಗೋಲುಗಳಿಂದ ಸೋಲಿಸಿದಾಗ.

ಕಬ್ಬನ್ ಉದ್ಯಾನದ ಸಮೀಪದಲ್ಲಿರುವ ಶ್ರೀ ಕಂಠೀರವ ಕ್ರೀಡಾಂಗಣವನ್ನು 1997ರಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಜ್ಜುಗೊಳಿಸಲಾಯಿತು. ಓಟದ ಪಥದಿಂದ ಸುತ್ತುವರಿದ ಮೈದಾನವನ್ನು ಹೊಂದಿರುವ ಈ ಕ್ರೀಡಾಂಗಣವು ಅಥ್ಲೆಟಿಕ್ಸ್ ಮತ್ತು ಕಾಲ್ಚೆಂಡಾಟ ಎರಡಕ್ಕೂ ಬಳಕೆಯಾಗುತ್ತಿದೆ. 2013ರಲ್ಲಿ ಸ್ಥಾಪನೆಯಾಗಿ ತನ್ನ ಮೊದಲ ವರ್ಷದಲ್ಲೇ ಐ-ಲೀಗ್ ಪ್ರಶಸ್ತಿ ಗೆದ್ದ ಬೆಂಗಳೂರು ಎಫ್‌ಸಿ ತಂಡವು 2014ರಲ್ಲಿ ಅಶೋಕ ನಗರದ ಫುಟ್‌ಬಾಲ್ ಕ್ರೀಡಾಂಗಣದಿಂದ ಇಲ್ಲಿಗೆ ಬಂದು ನೆಲೆಗೊಂಡಿತು.

2002ರ ವಿಶ್ವಕಪ್‌ನ ಅರ್ಹತಾ ಸುತ್ತು (2001)

2002ರ ವಿಶ್ವಕಪ್ಪನ್ನು ಜಪಾನ್ ಮತ್ತು ದಕ್ಷಿಣ ಕೊರಿಯಾ ಜಂಟಿಯಾಗಿ ಆಯೋಜಿಸಿದ್ದರಿಂದ ಆ ಎರಡು ತಂಡಗಳಿಗೆ ಅರ್ಹತಾ ಪಂದ್ಯಗಳಿಂದ ವಿನಾಯಿತಿಯಿತ್ತು. ಉಳಿದ ತಂಡಗಳನ್ನು ಮೊದಲ ಸುತ್ತಿನಲ್ಲಿ 10 ಗುಂಪುಗಳಾಗಿ ವಿಂಗಡಿಸಲಾಯಿತು. ಪ್ರತಿ ಗುಂಪಿನಿಂದ ಅಗ್ರಸ್ಥಾನ ಪಡೆದ ಒಂದೇ ತಂಡಕ್ಕೆ ಮುಂದಿನ ಸುತ್ತಿಗೆ ಪ್ರವೇಶ. ಭಾರತದ ಗುಂಪಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ (ಯುಎಇ), ಯೆಮೆನ್ ಮತ್ತು ಬ್ರೂನೈ ತಂಡಗಳಿದ್ದವು. ಇವುಗಳಲ್ಲಿ ಯುಎಇ 1990ರ ವಿಶ್ವಕಪ್‌ನಲ್ಲಿ ಆಡಿದ್ದ ತಂಡ. ಭಾರತದ ತರಬೇತುದಾರರಾಗಿದ್ದವರು ಸುಖ್ವಿಂದರ್ ಸಿಂಗ್.

2001ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಭಾರತವು ಯುಎಇ ತಂಡವನ್ನು 1–0 ಅಂತರದಿಂದ ಮಣಿಸಿತು. ಜೂಲ್ಸ್ ಆಲ್ಬರ್ಟೊ ಹೊಡೆದ ಗೋಲು ಈ ಅನಿರೀಕ್ಷಿತ ಗೆಲುವನ್ನು ತಂದಿತು. ಅದರ ಮುಂದಿನ ಪಂದ್ಯದಲ್ಲಿ ಯೆಮೆನ್ ತಂಡವು ಬೆಂಗಳೂರಿನಲ್ಲಿ 1–1ರ ಸಮಬಲ ಸಾಧಿಸಿ ಮರಳಿತು. ಬಳಿಕ ಭಾರತವು ಯುಎಇಯಲ್ಲಿ 0–1ರಿಂದ ಸೋತು, ಯೆಮೆನ್‌ನಲ್ಲಿ 3–3ರ ಸಮಬಲ ಸಾಧಿಸಿ, ಬ್ರೂನೈಯಲ್ಲಿ 1–0ರಿಂದ ಗೆದ್ದಿತು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ನಡೆದ ಕೊನೆಯ ಪಂದ್ಯದಲ್ಲಿ ಬ್ರೂನೈ ವಿರುದ್ಧ 5–0 ಗೋಲುಗಳ ಭಾರಿ ಗೆಲುವು ದೊರೆಯಿತು.

ಗುಂಪಿನ ಅಂತಿಮ ಸ್ಥಿತಿ ಹೀಗಿತ್ತು:

• ಯುಎಇ – 12 ಅಂಕ
• ಯೆಮೆನ್ – 11 ಅಂಕ
• ಭಾರತ – 11 ಅಂಕ
• ಬ್ರೂನೈ – 0 ಅಂಕ

ಭಾರತ ಮತ್ತು ಯೆಮೆನ್‌ಗಳ ಅಂಕಗಳೂ ಗೋಲುಗಳ ಅಂತರವೂ ಸಮವಾಗಿದ್ದವು. ಹೆಚ್ಚು ಗೋಲು ಹೊಡೆದಿದ್ದ ಯೆಮೆನ್‌ಗೆ ಎರಡನೆಯ ಸ್ಥಾನ ದೊರೆಯಿತು. ಆರು ಪಂದ್ಯಗಳಲ್ಲಿ ಭಾರತ ಸೋತದ್ದು ಒಂದನ್ನು ಮಾತ್ರ. ಆ ಒಂದು ಪಂದ್ಯ ಸಮಬಲದಲ್ಲಿ ಮುಗಿದಿದ್ದರೆ ಭಾರತಕ್ಕೆ 12, ಯುಎಇಗೆ 10 ಅಂಕಗಳಾಗಿ ಭಾರತವೇ ಗುಂಪಿನ ಅಗ್ರಸ್ಥಾನ ಪಡೆಯುತ್ತಿತ್ತು. ಬೆಂಗಳೂರಿನಲ್ಲಿ ಯೆಮೆನ್ ವಿರುದ್ಧದ ಪಂದ್ಯವನ್ನು ಗೆದ್ದಿದ್ದರೂ ಭಾರತದ ಅಂಕ 13 ಆಗಿ ಅದೇ ಫಲ ದೊರೆಯುತ್ತಿತ್ತು. ವಿಶ್ವಕಪ್ ಅರ್ಹತಾ ಪಂದ್ಯಗಳಲ್ಲಿ ಭಾರತದ ಅತ್ಯುತ್ತಮ ಪ್ರಯತ್ನಗಳ ಸಾಲಿನಲ್ಲಿ ಈ ಸರಣಿಗೆ ಸ್ಥಾನವಿದೆ.

2018ರ ವಿಶ್ವಕಪ್‌ನ ಅರ್ಹತಾ ಸುತ್ತುಗಳು (2015–16)

ಮೊದಲ ಸುತ್ತು

2018ರ ವಿಶ್ವಕಪ್‌ಗಾಗಿ ಏಷ್ಯಾದ ಅರ್ಹತಾ ಪಂದ್ಯಗಳು 2015ರ ಮಾರ್ಚ್ 12ರಂದು ಆರಂಭವಾದವು. ಏಷ್ಯಾದ ಶ್ರೇಯಾಂಕದಲ್ಲಿ 35ರಿಂದ 46ರವರೆಗಿನ ಸ್ಥಾನಗಳಲ್ಲಿದ್ದ 12 ತಂಡಗಳು ಮೊದಲ ಸುತ್ತಿನಲ್ಲಿ ಆಡಬೇಕಾಗಿತ್ತು. ಭಾರತವೂ ಅವುಗಳಲ್ಲಿ ಒಂದಾಗಿತ್ತು. ಆ ತಿಂಗಳಲ್ಲಿ ಭಾರತದ ಜಾಗತಿಕ ಶ್ರೇಯಾಂಕ 173ಕ್ಕೆ ಇಳಿದಿತ್ತು. ಸ್ಟೀಫನ್ ಕಾನ್‌ಸ್ಟಂಟೈನ್ ಅವರು ಅದೇ ವರ್ಷ ಎರಡನೆಯ ಬಾರಿಗೆ ಭಾರತ ತಂಡದ ತರಬೇತುದಾರರಾಗಿ ಅಧಿಕಾರ ವಹಿಸಿಕೊಂಡಿದ್ದರು.

ಮೊದಲ ಸುತ್ತಿನ ಒಟ್ಟು ಗೋಲುಗಳ ಫಲಿತಾಂಶ:

• ಭಾರತ 2 – ನೇಪಾಳ 0
• ಯೆಮೆನ್ 3 – ಪಾಕಿಸ್ತಾನ 1
• ಟಿಮೋರ್-ಲೆಸ್ತೆ 5 – ಮಂಗೋಲಿಯಾ 1
• ಕಾಂಬೋಡಿಯಾ 4 – ಮಕಾವ್ 1
• ಚೈನೀಸ್ ತೈಪೆ 2 – ಬ್ರೂನೈ 1
• ಭೂತಾನ್ 3 – ಶ್ರೀಲಂಕಾ 1

ಗುವಾಹಟಿಯಲ್ಲಿ ನಡೆದ ಪಂದ್ಯದಲ್ಲಿ ಸುನಿಲ್ ಛೇತ್ರಿ ಅವರ ಎರಡು ಗೋಲುಗಳಿಂದ ಭಾರತವು ನೇಪಾಳವನ್ನು 2–0 ಅಂತರದಿಂದ ಸೋಲಿಸಿತು. ಕಠ್ಮಂಡುವಿನಲ್ಲಿ ನಡೆದ ಮರುಪಂದ್ಯ ಗೋಲಿಲ್ಲದೆ ಮುಗಿಯಿತು. ಈ ಸುತ್ತಿನ ಅಚ್ಚರಿಯ ಫಲಿತಾಂಶ ಭೂತಾನಿನದು. ಫಿಫಾ ಶ್ರೇಯಾಂಕದ ಕಟ್ಟಕಡೆಯ ಸ್ಥಾನದಲ್ಲಿದ್ದ ಆ ತಂಡವು ಶ್ರೀಲಂಕಾವನ್ನು ಕೊಲಂಬೊ ಮತ್ತು ಥಿಂಫು ಎರಡೂ ಕಡೆಗಳಲ್ಲಿ ಸೋಲಿಸಿತು. ಪಾಕಿಸ್ತಾನದ ತವರು ಪಂದ್ಯವು ಲಾಹೋರಿನಲ್ಲಿ ನಡೆಯಬೇಕಾಗಿತ್ತು. ಅಲ್ಲಿನ ಚರ್ಚುಗಳ ಮೇಲೆ ಬಾಂಬ್ ದಾಳಿ ನಡೆದುದರಿಂದ ಅದನ್ನು ಬಹ್ರೇನ್‌ಗೆ ವರ್ಗಾಯಿಸಲಾಯಿತು.

ಎರಡನೆಯ ಸುತ್ತು: ಬೆಂಗಳೂರಿನ ಪಂದ್ಯಗಳು

ಮೊದಲ ಸುತ್ತಿನ 6 ವಿಜೇತರು ಮತ್ತು ನೇರ ಪ್ರವೇಶ ಪಡೆದ 34 ತಂಡಗಳನ್ನು ಸೇರಿಸಿ, ತಲಾ 5 ತಂಡಗಳಂತೆ 8 ಗುಂಪುಗಳನ್ನು ಮಾಡಲಾಯಿತು. ಭಾರತವಿದ್ದ ಡಿ ಗುಂಪಿನಲ್ಲಿ ಇರಾನ್, ಒಮಾನ್, ತುರ್ಕಮೆನಿಸ್ತಾನ ಮತ್ತು ಗುವಾಮ್ ತಂಡಗಳಿದ್ದವು. ಭಾರತದ 4 ತವರು ಪಂದ್ಯಗಳಲ್ಲಿ 3 ಶ್ರೀ ಕಂಠೀರವ ಕ್ರೀಡಾಂಗಣದಲ್ಲಿಯೂ 1 ಕೊಚ್ಚಿಯಲ್ಲಿಯೂ ನಡೆದವು.

ಒಮಾನ್ ವಿರುದ್ಧ (2015ರ ಜೂನ್ 11): ಪಂದ್ಯದ ಮೊದಲ ನಿಮಿಷದಲ್ಲೇ ಒಮಾನ್ ಗೋಲು ಹೊಡೆಯಿತು. 26ನೆಯ ನಿಮಿಷದಲ್ಲಿ ಸುನಿಲ್ ಛೇತ್ರಿ ಗೋಲು ಹೊಡೆದು ಸಮಗೊಳಿಸಿದರು. ಆದರೆ ಮೊದಲಾರ್ಧ ಮುಗಿಯುವ ಮುನ್ನ ಒಮಾನ್ ಪೆನಾಲ್ಟಿಯ ಮೂಲಕ ಮತ್ತೆ ಮುನ್ನಡೆ ಪಡೆಯಿತು. ಭಾರತವು 1–2ರಿಂದ ಸೋತಿತು.

ಇರಾನ್ ವಿರುದ್ಧ (2015ರ ಸೆಪ್ಟೆಂಬರ್ 8): ಆಗ ಇರಾನ್ ಏಷ್ಯಾದ ಅಗ್ರ ಶ್ರೇಯಾಂಕದ ತಂಡವಾಗಿತ್ತು, ಅದರ ತರಬೇತುದಾರ ಪೋರ್ಚುಗಲ್‌ನ ಕಾರ್ಲೋಸ್ ಕೈರೋಸ್. ಮೊದಲಾರ್ಧದಲ್ಲಿ ಭಾರತವು ಒಂದೇ ಗೋಲನ್ನು ಬಿಟ್ಟುಕೊಟ್ಟಿತು. ಎರಡನೆಯ ಅರ್ಧದ ಆರಂಭದ ಕೆಲವೇ ನಿಮಿಷಗಳಲ್ಲಿ ಇರಾನ್ ಮತ್ತೆರಡು ಗೋಲುಗಳನ್ನು ಹೊಡೆದು 3–0 ಅಂತರದಿಂದ ಗೆದ್ದಿತು. ಸರ್ದಾರ್ ಅಜ್ಮೂನ್, ಅಂದ್ರಾನಿಕ್ ತೈಮೂರಿಯನ್ ಮತ್ತು ಮೆಹದಿ ತಾರೆಮಿ ಗೋಲುಗಳನ್ನು ಹೊಡೆದವರು.

ಗುವಾಮ್ ವಿರುದ್ಧ (2015ರ ನವೆಂಬರ್ 12): ಗುವಾಮ್ ಪೆಸಿಫಿಕ್ ಸಾಗರದಲ್ಲಿರುವ, ಅಮೆರಿಕದ ಆಡಳಿತಕ್ಕೊಳಪಟ್ಟ ಪುಟ್ಟ ದ್ವೀಪ. ಜೂನ್ ತಿಂಗಳಲ್ಲಿ ಅದು ತನ್ನ ನೆಲದಲ್ಲಿ ಭಾರತವನ್ನು 2–1ರಿಂದ ಸೋಲಿಸಿತ್ತು. ನೂರಾರು ಕೋಟಿ ಜನರ ದೇಶ ಎರಡು ಲಕ್ಷದಷ್ಟೂ ಜನರಿಲ್ಲದ ದ್ವೀಪಕ್ಕೆ ಸೋತಿತೆಂಬ ಟೀಕೆ ಆಗ ವ್ಯಾಪಕವಾಗಿ ಕೇಳಿಬಂದಿತ್ತು. ಬೆಂಗಳೂರಿನ ಪಂದ್ಯಕ್ಕೆ ಬರುವ ಹೊತ್ತಿಗೆ ಭಾರತವು ಗುಂಪಿನಲ್ಲಿ ಆಡಿದ 5 ಪಂದ್ಯಗಳನ್ನೂ ಸೋತಿತ್ತು. 10ನೆಯ ನಿಮಿಷದಲ್ಲಿ, ಹಿಂದೆ ಬೆಂಗಳೂರು ಎಫ್‌ಸಿ ಪರ ಆಡಿದ್ದ ರಾಬಿನ್ ಸಿಂಗ್ ಗೋಲು ಹೊಡೆದರು. ಮೊದಲಾರ್ಧ ಮುಗಿಯುವ ಮುನ್ನ ಭಾರತದ ಆಟಗಾರರೊಬ್ಬರು ಕೆಂಪು ಕಾರ್ಡ್ ಪಡೆದು ಹೊರನಡೆಯಬೇಕಾಯಿತು. ಉಳಿದ ಅವಧಿಯನ್ನು 10 ಆಟಗಾರರೊಡನೆ ಆಡಿದ ಭಾರತವು 1–0ರ ಮುನ್ನಡೆಯನ್ನು ಕಾಪಾಡಿಕೊಂಡಿತು. ಈ ಸುತ್ತಿನಲ್ಲಿ ಭಾರತಕ್ಕೆ ದೊರೆತ ಏಕೈಕ ಗೆಲುವು ಇದು.

ಗುಂಪಿನ ಅಂತಿಮ ಸ್ಥಿತಿ

8 ಪಂದ್ಯಗಳಲ್ಲಿ 1 ಗೆಲುವು ಮತ್ತು 7 ಸೋಲುಗಳೊಡನೆ ಭಾರತವು 3 ಅಂಕ ಗಳಿಸಿ ಗುಂಪಿನ ಕೊನೆಯ ಸ್ಥಾನದಲ್ಲಿ ಉಳಿಯಿತು. ಹೊಡೆದ ಗೋಲುಗಳು 5, ಬಿಟ್ಟುಕೊಟ್ಟ ಗೋಲುಗಳು 18. ಇರಾನ್ 20, ಒಮಾನ್ 14, ತುರ್ಕಮೆನಿಸ್ತಾನ 13 ಮತ್ತು ಗುವಾಮ್ 7 ಅಂಕಗಳನ್ನು ಪಡೆದವು. ಅಗ್ರಸ್ಥಾನ ಪಡೆದ ಇರಾನ್ ಮುಂದಿನ ಸುತ್ತನ್ನೂ ದಾಟಿ 2018ರಲ್ಲಿ ರಷ್ಯಾದಲ್ಲಿ ನಡೆದ ವಿಶ್ವಕಪ್‌ನಲ್ಲಿ ಆಡಿತು.

ಏಷ್ಯಾ ಕಪ್‌ಗೆ ತೆರೆದ ದಾರಿ

ಹಿಂದೆ ವಿಶ್ವಕಪ್ ಮತ್ತು ಏಷ್ಯಾ ಕಪ್‌ಗಳಿಗೆ ಬೇರೆ ಬೇರೆ ಅರ್ಹತಾ ಪಂದ್ಯಗಳು ನಡೆಯುತ್ತಿದ್ದವು. ಆರಂಭಿಕ ಸುತ್ತಿನಲ್ಲಿ ಸೋತ ತಂಡದ ಪಾಲಿಗೆ ವಿಶ್ವಕಪ್‌ನ ದಾರಿ ಅಲ್ಲಿಗೇ ಮುಚ್ಚುತ್ತಿತ್ತು. ಮುಂದಿನ ಸರಣಿಗೆ ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. 2015ರಿಂದ ವಿಶ್ವಕಪ್‌ನ ಮೊದಲೆರಡು ಸುತ್ತುಗಳನ್ನೇ ಏಷ್ಯಾ ಕಪ್‌ನ ಅರ್ಹತಾ ಸುತ್ತುಗಳನ್ನಾಗಿಯೂ ಪರಿಗಣಿಸಲಾಯಿತು. ಇದರಿಂದ ವಿಶ್ವಕಪ್‌ನ ಸ್ಪರ್ಧೆಯಿಂದ ಹೊರಬಿದ್ದ ತಂಡಗಳಿಗೂ ಏಷ್ಯಾ ಕಪ್‌ನ ಸ್ಥಾನಕ್ಕಾಗಿ ಆಡುವ ಅವಕಾಶ ಉಳಿಯಿತು.

ಭಾರತವು ಈ ಅವಕಾಶವನ್ನು ಸದುಪಯೋಗಪಡಿಸಿಕೊಂಡಿತು. 2016ರ ಜೂನ್‌ನಲ್ಲಿ ಲಾವೋಸ್ ತಂಡವನ್ನು ವಿಯೆಂಟಿಯಾನ್‌ನಲ್ಲಿ 1–0 ಹಾಗೂ ಗುವಾಹಟಿಯಲ್ಲಿ 6–1 ಅಂತರದಿಂದ ಸೋಲಿಸಿ ಏಷ್ಯಾ ಕಪ್‌ನ ಅಂತಿಮ ಅರ್ಹತಾ ಸುತ್ತಿಗೆ ಏರಿತು. ಅಲ್ಲಿ ಕಿರ್ಗಿಸ್ತಾನ, ಮ್ಯಾನ್ಮಾರ್ ಮತ್ತು ಮಕಾವ್ ತಂಡಗಳು ಎದುರಾದವು. ಈ ಸುತ್ತಿನ ಎರಡು ಮುಖ್ಯ ಪಂದ್ಯಗಳು ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದವು.

• 2017ರ ಜೂನ್ 13: ಭಾರತ 1 – ಕಿರ್ಗಿಸ್ತಾನ 0. ಸುನಿಲ್ ಛೇತ್ರಿ 69ನೆಯ ನಿಮಿಷದಲ್ಲಿ ಗೋಲು ಹೊಡೆದರು.
• 2017ರ ಅಕ್ಟೋಬರ್ 11: ಭಾರತ 4 – ಮಕಾವ್ 1. ಈ ಗೆಲುವಿನಿಂದ ಭಾರತಕ್ಕೆ 2019ರ ಏಷ್ಯಾ ಕಪ್‌ನ ಸ್ಥಾನ ಖಚಿತವಾಯಿತು.

ಮಕಾವ್ ವಿರುದ್ಧದ ಈ ಪಂದ್ಯ ಮುಗಿಯುವ ಹೊತ್ತಿಗೆ ಭಾರತವು ಸುತ್ತಿನ ಮೊದಲ 4 ಪಂದ್ಯಗಳನ್ನೂ ಗೆದ್ದು 12 ಅಂಕ ಗಳಿಸಿತ್ತು. 2015ರ ಮಾರ್ಚ್‌ನಲ್ಲಿ 173ನೆಯ ಸ್ಥಾನದಲ್ಲಿದ್ದ ತಂಡವು 2017ರ ಜುಲೈನಲ್ಲಿ 96ನೆಯ ಸ್ಥಾನಕ್ಕೆ ಏರಿತ್ತು. 2019ರ ಜನವರಿಯಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಕಪ್‌ನ ತನ್ನ ಮೊದಲ ಪಂದ್ಯದಲ್ಲಿ ಭಾರತವು ಥಾಯ್ಲೆಂಡ್ ತಂಡವನ್ನು 4–1 ಗೋಲುಗಳಿಂದ ಸೋಲಿಸಿತು.

ಬೆಂಗಳೂರಿನ ವಿಶ್ವಕಪ್ ಅರ್ಹತಾ ಪಂದ್ಯಗಳ ಪಟ್ಟಿ

• 2001 – ಭಾರತ 1, ಯುಎಇ 0
• 2001 – ಭಾರತ 1, ಯೆಮೆನ್ 1
• 2001 – ಭಾರತ 5, ಬ್ರೂನೈ 0
• 2015 – ಭಾರತ 1, ಒಮಾನ್ 2
• 2015 – ಭಾರತ 0, ಇರಾನ್ 3
• 2015 – ಭಾರತ 1, ಗುವಾಮ್ 0

ಈ 6 ಪಂದ್ಯಗಳಲ್ಲಿ ಭಾರತವು ಹೊಡೆದ ಗೋಲುಗಳು 9, ಬಿಟ್ಟುಕೊಟ್ಟ ಗೋಲುಗಳು 6.

ನಂತರದ ಸರಣಿಗಳು

2022ರ ವಿಶ್ವಕಪ್‌ನ ಅರ್ಹತಾ ಸುತ್ತಿನಲ್ಲಿ ಭಾರತವು ಮೊದಲ ಸುತ್ತನ್ನು ಆಡಬೇಕಾಗಿ ಬರಲಿಲ್ಲ. ಶ್ರೇಯಾಂಕದ ಆಧಾರದಲ್ಲಿ ನೇರವಾಗಿ ಎರಡನೆಯ ಸುತ್ತಿಗೆ ಪ್ರವೇಶ ಪಡೆಯಿತು. 2019ರಲ್ಲಿ ಅದರ ತವರು ಪಂದ್ಯಗಳು ಗುವಾಹಟಿ ಮತ್ತು ಕೋಲ್ಕತಾಗಳಲ್ಲಿ ನಡೆದವು. ಅದೇ ವರ್ಷದ ಸೆಪ್ಟೆಂಬರ್ 10ರಂದು ಏಷ್ಯಾದ ಚಾಂಪಿಯನ್ ಕತಾರ್ ತಂಡವನ್ನು ದೋಹಾದಲ್ಲಿ 0–0ಗೆ ತಡೆದದ್ದು ಈ ಸರಣಿಯ ಗಮನಾರ್ಹ ಸಾಧನೆ. ಕೋವಿಡ್ ಸಾಂಕ್ರಾಮಿಕದ ಕಾರಣದಿಂದ ಉಳಿದ ಪಂದ್ಯಗಳು 2021ರಲ್ಲಿ ದೋಹಾದಲ್ಲಿಯೇ ನಡೆದವು.

2026ರ ವಿಶ್ವಕಪ್‌ಗೆ ಏಷ್ಯಾದ ನೇರ ಸ್ಥಾನಗಳು 8ಕ್ಕೆ ಏರಿದವು. ಎರಡನೆಯ ಸುತ್ತಿನಲ್ಲಿ 36 ತಂಡಗಳನ್ನು 9 ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನಿಂದ 2 ತಂಡಗಳಿಗೆ ಮುಂದಿನ ಸುತ್ತಿಗೆ ಅವಕಾಶ ನೀಡಲಾಯಿತು. ಭಾರತವು ಕುವೈತ್‌ನಲ್ಲಿ 1–0ರಿಂದ ಗೆದ್ದು ಉತ್ತಮ ಆರಂಭ ಪಡೆದರೂ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ವಿರುದ್ಧ 1–2ರಿಂದ ಸೋತಿತು. 2024ರ ಜೂನ್ 6ರಂದು ಕೋಲ್ಕತಾದಲ್ಲಿ ಕುವೈತ್ ವಿರುದ್ಧ ನಡೆದ 0–0ರ ಪಂದ್ಯದೊಡನೆ ಸುನಿಲ್ ಛೇತ್ರಿ ಅಂತರರಾಷ್ಟ್ರೀಯ ಆಟಕ್ಕೆ ವಿದಾಯ ಹೇಳಿದರು. 2025ರಲ್ಲಿ ಅವರು ಆ ನಿರ್ಧಾರವನ್ನು ಬದಲಿಸಿ ಮತ್ತೆ ತಂಡಕ್ಕೆ ಮರಳಿದರು. 2024ರ ಜೂನ್ 11ರಂದು ದೋಹಾದಲ್ಲಿ ಕತಾರ್ ವಿರುದ್ಧ ಭಾರತವು ಮೊದಲು ಗೋಲು ಹೊಡೆದಿತ್ತು. ಚೆಂಡು ಅಂಕಣದ ಗೆರೆಯನ್ನು ದಾಟಿ ಹೊರಹೋಗಿದ್ದರೂ ಆಟ ಮುಂದುವರಿದು ಕತಾರ್‌ನ ಸಮಗೋಲು ದಾಖಲಾಯಿತು. ಈ ಪಂದ್ಯದಲ್ಲಿ ವಿಡಿಯೊ ನೆರವಿನ ತೀರ್ಪುವ್ಯವಸ್ಥೆ ಇರಲಿಲ್ಲ. ಅಂತಿಮವಾಗಿ 1–2ರಿಂದ ಸೋತ ಭಾರತವು 5 ಅಂಕಗಳೊಡನೆ ಹೊರಬಿದ್ದಿತು. 7 ಅಂಕ ಗಳಿಸಿದ ಕುವೈತ್ ಮುಂದಿನ ಸುತ್ತಿಗೆ ಹೋಯಿತು.

ಮಹತ್ವ

ಆರಂಭಿಕ ಅರ್ಹತಾ ಸುತ್ತುಗಳು ವಿಶ್ವಕಪ್‌ನ ಅಂತಿಮ ಹಂತದಷ್ಟು ಪ್ರಚಾರ ಪಡೆಯುವುದಿಲ್ಲ. ಆದರೆ ಶ್ರೇಯಾಂಕದಲ್ಲಿ ಹಿಂದಿರುವ ರಾಷ್ಟ್ರಗಳಿಗೆ ಬಲಿಷ್ಠ ತಂಡಗಳೊಡನೆ ಸೆಣಸುವ ಅವಕಾಶ ಇಲ್ಲಿಯೇ ಸಿಗುವುದು. ಇಲ್ಲಿನ ಒಂದೊಂದು ಗೆಲುವೂ ಮುಂದಿನ ಸರಣಿಯ ಶ್ರೇಯಾಂಕವನ್ನು, ಆ ಮೂಲಕ ಎದುರಾಳಿಗಳನ್ನು ನಿರ್ಧರಿಸುತ್ತದೆ. 2001ರಲ್ಲಿ ಒಂದು ಅಂಕದ ಕೊರತೆ ಭಾರತವನ್ನು ಹಿಂದೆ ಉಳಿಸಿತು. 2015ರಲ್ಲಿ ನೇಪಾಳದ ವಿರುದ್ಧ ಗುವಾಹಟಿಯಲ್ಲಿ ಗಳಿಸಿದ ಎರಡು ಗೋಲುಗಳು ಭಾರತಕ್ಕೆ ಇರಾನ್ ಮತ್ತು ಒಮಾನ್‌ಗಳ ಎದುರು ಎಂಟು ಪಂದ್ಯಗಳ ಸುತ್ತನ್ನು ಆಡುವ ಅವಕಾಶವನ್ನೂ, ಅದರ ಮುಂದೆ ಏಷ್ಯಾ ಕಪ್‌ನ ದಾರಿಯನ್ನೂ ಒದಗಿಸಿದವು. ಕರ್ನಾಟಕದ ಕ್ರೀಡಾ ಇತಿಹಾಸದಲ್ಲಿ ಶ್ರೀ ಕಂಠೀರವ ಕ್ರೀಡಾಂಗಣಕ್ಕೆ ಅಥ್ಲೆಟಿಕ್ಸ್‌ನಿಂದ ದೊರೆತ ಹೆಸರಿನ ಜೊತೆಗೆ ಕಾಲ್ಚೆಂಡಾಟದ ಅಂತರರಾಷ್ಟ್ರೀಯ ತಾಣವೆಂಬ ಹೆಸರೂ ಸೇರಿದ್ದು ಈ ಪಂದ್ಯಗಳ ಮೂಲಕ.